ಕುಂಡದ ಗೊಬ್ಬರ ಗಿಡಕ್ಕೆ ದಕ್ಕುವಂತೆ ಮಾಡುವುದು ಹೇಗೆ?

ಬೆಂಗಳೂರಿನ ತಾರಸಿ ತೋಟಗಳಲ್ಲಿ ಕರಿಬೇವು, ದಾಸವಾಳ, ಗುಲಾಬಿ ಮತ್ತು ನಿಂಬೆ ಬೆಳೆಸುವವರು ಒಂದೇ ಬಗೆಯ ತೊಂದರೆಯನ್ನು ಮತ್ತೆ ಮತ್ತೆ ಹೇಳುತ್ತಾರೆ. ತುದಿಯ ಚಿಗುರೆಲೆ ಹಳದಿಯಾಗುತ್ತದೆ, ನರಗಳು ಮಾತ್ರ ಹಸಿರಾಗಿ ಉಳಿಯುತ್ತವೆ, ಕೆಲವು ತಿಂಗಳಲ್ಲಿ ಹೊಸ ಎಲೆಗಳು ಬಿಳಿಚಿಕೊಂಡು ಗಿಡ ಬೆಳೆಯುವುದನ್ನೇ ನಿಲ್ಲಿಸುತ್ತದೆ. ಗೊಬ್ಬರ ಸಾಲದೆಂದು ತಿಳಿದು ಎರೆಗೊಬ್ಬರ, ಮೊಟ್ಟೆಚಿಪ್ಪಿನ ಪುಡಿ, ಒಲೆಬೂದಿ ಎಂದು ಒಂದರ ಮೇಲೊಂದು ಹಾಕಲಾಗುತ್ತದೆ. ನಮ್ಮ ಮನೆಯ ಕರಿಬೇವಿಗೆ ನಾನೂ ಎರಡು ವರ್ಷ ಹೀಗೆಯೇ ಮಾಡಿದೆ, ಗಿಡ ಇನ್ನಷ್ಟು ಸೊರಗಿತು. ಕೊನೆಗೊಂದು ದಿನ ಆ ಕುಂಡದ ಮಣ್ಣಿನ ರಸಸಾರವನ್ನು (ಪಿಎಚ್, ಅಂದರೆ ಆಮ್ಲ-ಕ್ಷಾರಗಳ ಅಳತೆ; 7ಕ್ಕಿಂತ ಕೆಳಗೆ ಆಮ್ಲ, ಮೇಲೆ ಕ್ಷಾರ) ಅಳೆದು ನೋಡಿದಾಗ ಅದು 8ನ್ನು ದಾಟಿತ್ತು. ನಮ್ಮ ಊರಿನ ಮಣ್ಣು ಕೆಂಪಾಗಿರುವುದೇ ಅದರಲ್ಲಿರುವ ಕಬ್ಬಿಣದ ಆಕ್ಸೈಡಿನಿಂದ. ಅಂತಹ ಮಣ್ಣಿನಲ್ಲಿ ಬೇರೂರಿದ ಗಿಡ ಕಬ್ಬಿಣಕ್ಕಾಗಿಯೇ ಹಸಿದಿತ್ತು. ಇರುವ ಪೋಷಕಾಂಶ ಬೇರಿಗೆ ಏಕೆ ದಕ್ಕುವುದಿಲ್ಲ, ದಕ್ಕುವಂತೆ ಮಾಡಲು ಯಾವುದನ್ನು ಮೊದಲು ಮತ್ತು ಯಾವುದನ್ನು ಆಮೇಲೆ ಮಾಡಬೇಕು ಎಂಬುದನ್ನು ಈ ಬರಹದಲ್ಲಿ ವಿವರಿಸಿದ್ದೇನೆ.

ಗಿಡಕ್ಕೆ ಬೇಕಾದ ಮೂಲಧಾತುಗಳು 17. ಇಂಗಾಲ, ಜಲಜನಕ, ಆಮ್ಲಜನಕಗಳು ಗಾಳಿ ಮತ್ತು ನೀರಿನಿಂದ ಸಿಗುತ್ತವೆ. ಉಳಿದ 14 ಖನಿಜ ಪೋಷಕಾಂಶಗಳು ಮುಖ್ಯವಾಗಿ ಬೇರಿನ ಮೂಲಕವೇ ಬರಬೇಕು: ಸಾರಜನಕ, ರಂಜಕ, ಪೊಟ್ಯಾಸಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ, ಗಂಧಕ, ಕಬ್ಬಿಣ, ಮ್ಯಾಂಗನೀಸ್, ಸತು, ತಾಮ್ರ, ಬೋರಾನ್, ಮಾಲಿಬ್ಡಿನಂ, ಕ್ಲೋರಿನ್ ಮತ್ತು ನಿಕ್ಕಲ್. ಇವು ಬೇರನ್ನು ತಲಪುವ ದಾರಿ ಎಲ್ಲಕ್ಕೂ ಒಂದೇ ಅಲ್ಲವೆಂಬುದು ತೋಟ ಮಾಡುವವರಿಗೆ ಗೊತ್ತಿರಬೇಕು. ನೈಟ್ರೇಟ್ ರೂಪದ ಸಾರಜನಕ, ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂಗಳು ಗಿಡ ಎಳೆದುಕೊಳ್ಳುವ ನೀರಿನ ಜೊತೆ ಹರಿದು ಬರುತ್ತವೆ. ರಂಜಕ ಹಾಗಲ್ಲ, ಅದು ಮಣ್ಣಿನ ಕಣಕ್ಕೆ ಅಂಟಿಕೊಂಡು ಕೂತಿರುತ್ತದೆ, ಒಂದು ಬೆಳೆಯ ಅವಧಿಯಲ್ಲಿ ಕೆಲವೇ ಮಿಲಿಮೀಟರುಗಳಷ್ಟು ದೂರ ಸರಿಯುತ್ತದೆ, ಆದ್ದರಿಂದ ಬೇರೇ ಅದರ ಬಳಿಗೆ ಹೋಗಬೇಕಾಗುತ್ತದೆ. ಬೇರಿನ ಹೊಸ್ತಿಲನ್ನು ತಲಪಿದ ಮೇಲೂ ಪೋಷಕಾಂಶ ತಾನಾಗಿ ಒಳಗೆ ಹೋಗುವುದಿಲ್ಲ. ಬೇರಿನ ಜೀವಕೋಶಗಳು ಶಕ್ತಿಯನ್ನು ವ್ಯಯಿಸಿ ಆಮ್ಲದ ಕಣಗಳನ್ನು ಹೊರದೂಡಿ, ಅದರಿಂದ ಉಂಟಾಗುವ ಸೆಳೆತದ ಬಲದಿಂದ ಖನಿಜಗಳನ್ನು ಒಳಗೆಳೆದುಕೊಳ್ಳುತ್ತವೆ. ಈ ಕೆಲಸಕ್ಕೆ ಬೇರು ಉಸಿರಾಡಬೇಕು. ತಟ್ಟೆಯಲ್ಲಿ ನೀರು ನಿಂತ ಕುಂಡದಲ್ಲಿ ಎಷ್ಟೇ ಗೊಬ್ಬರವಿದ್ದರೂ ಗಿಡ ಹಸಿದಿರುವುದು ಈ ಕಾರಣಕ್ಕೆ. ಹಾಗಾಗಿ ಗೊಬ್ಬರದ ಮಾತಿಗೆ ಮುನ್ನ ಕುಂಡದ ತಳದ ತೂತುಗಳು ತೆರೆದಿವೆಯೇ ಎಂದು ನೋಡಿ, ತಟ್ಟೆಯ ನೀರನ್ನು ಚೆಲ್ಲಿ.

ಮೊದಲು ನೀರನ್ನು ನೋಡಿ

ನನ್ನ ಅಭಿಪ್ರಾಯದಲ್ಲಿ ಬೆಂಗಳೂರಿನ ತಾರಸಿ ತೋಟದವರು ಗೊಬ್ಬರದ ಅಂಗಡಿಗೆ ಹೋಗುವ ಮೊದಲು ತಾವು ಹಾಕುವ ನೀರನ್ನು ಪರೀಕ್ಷಿಸಬೇಕು. ಕಾವೇರಿ ನೀರು ಬರುವ ಮನೆಗಳಿಗೂ ಕೊಳವೆ ಬಾವಿಯನ್ನೇ ನಂಬಿದ ಮನೆಗಳಿಗೂ ಇಲ್ಲಿ ಬಹಳ ವ್ಯತ್ಯಾಸವಿದೆ. ಕೊಳವೆ ಬಾವಿಯ ನೀರು ಸಾಮಾನ್ಯವಾಗಿ ಗಡಸು. ಬಕೆಟ್ಟಿನ ಅಂಚಿನಲ್ಲಿ, ಗೀಸರಿನ ಒಳಗೆ, ನಲ್ಲಿಯ ಬಾಯಲ್ಲಿ ಕಟ್ಟುವ ಬಿಳಿ ಪದರವೇ ಅದಕ್ಕೆ ಸಾಕ್ಷಿ. ಆ ಪದರದ ಬಹುಭಾಗ ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸುಣ್ಣದಕಲ್ಲಿನ ಪದಾರ್ಥವೇ. ಗೀಸರಿನಲ್ಲಿ ಕಟ್ಟುವುದು ಕುಂಡದಲ್ಲಿಯೂ ಕಟ್ಟುತ್ತದೆ.

ಇದನ್ನು ಲೆಕ್ಕ ಹಾಕಿ ನೋಡಿದಾಗಲೇ ನನಗೆ ವಿಷಯದ ತೂಕ ಮನವರಿಕೆಯಾಯಿತು. ನೀರಿನ ಕ್ಷಾರತೆ, ಅಂದರೆ ಆಮ್ಲವನ್ನು ತಣಿಸುವ ಅದರ ಶಕ್ತಿ, ಸುಣ್ಣದಕಲ್ಲಿನ ಲೆಕ್ಕದಲ್ಲಿ ಲೀಟರಿಗೆ 300 ಮಿಲಿಗ್ರಾಂ ಇದೆಯೆಂದೂ, 12 ಇಂಚಿನ ಕುಂಡಕ್ಕೆ ದಿನಕ್ಕೆ ಒಂದು ಲೀಟರ್ ಹಾಕುತ್ತೇವೆಂದೂ ಇಟ್ಟುಕೊಳ್ಳಿ. ದಿನಕ್ಕೆ 0.3 ಗ್ರಾಂ ಎಂದರೆ ಏನೂ ಅಲ್ಲವೆನಿಸುತ್ತದೆ. ವರ್ಷಕ್ಕೆ ಅದು ಸುಮಾರು 110 ಗ್ರಾಂ ಸುಣ್ಣದಕಲ್ಲಿನ ಪುಡಿಗೆ ಸಮ. ಹೊಲದಲ್ಲಿ ಈ ಭಾರವನ್ನು ಆಳವಾದ ಮಣ್ಣು ಹಂಚಿಕೊಳ್ಳುತ್ತದೆ, ಮಳೆ ತೊಳೆದು ಇಳಿಸುತ್ತದೆ. ಹತ್ತು ಹನ್ನೆರಡು ಕಿಲೋ ಮಣ್ಣಿರುವ ಕುಂಡಕ್ಕೆ ಆ ಅನುಕೂಲವಿಲ್ಲ. ರಸಸಾರ ಮೇಲೇರುತ್ತಾ ಹೋದಂತೆ ಕಬ್ಬಿಣ, ಮ್ಯಾಂಗನೀಸ್ ಮತ್ತು ಸತು ಕರಗದ ರೂಪಕ್ಕೆ ತಿರುಗುತ್ತವೆ, ರಂಜಕವು ಕ್ಯಾಲ್ಸಿಯಂ ಜೊತೆ ಸೇರಿ ಗಟ್ಟಿಯಾಗುತ್ತದೆ.

ನೀರಿನ ಪರೀಕ್ಷೆ ಮಾಡಿಸುವಾಗ ಗಡಸುತನದ ಜೊತೆಗೆ ಒಟ್ಟು ಕ್ಷಾರತೆಯನ್ನೂ ಅಳೆಯಲು ಕೇಳಿ, ಏಕೆಂದರೆ ಕುಂಡದ ರಸಸಾರವನ್ನು ಏರಿಸುವುದು ಕ್ಷಾರತೆಯೇ. ಲೀಟರಿಗೆ 100 ಮಿಲಿಗ್ರಾಂ ಒಳಗಿದ್ದರೆ ಚಿಂತಿಸಬೇಕಾಗಿಲ್ಲ. 200 ದಾಟಿದರೆ ಗೊಬ್ಬರ ಬದಲಿಸುವುದಕ್ಕಿಂತ ನೀರು ಬದಲಿಸುವ ದಾರಿಯನ್ನು ಹುಡುಕುವುದು ಒಳಿತು. ಇಲ್ಲಿ ಎರಡು ತಪ್ಪುಗಳನ್ನು ಖಂಡಿತ ಮಾಡಬಾರದು. ಅಪಾರ್ಟ್‌ಮೆಂಟುಗಳಲ್ಲಿರುವ ವಾಟರ್ ಸಾಫ್ಟ್‌ನರ್ ಕ್ಯಾಲ್ಸಿಯಂ ತೆಗೆದು ಅದರ ಜಾಗದಲ್ಲಿ ಸೋಡಿಯಂ ಬಿಡುತ್ತದೆ, ಕ್ಷಾರತೆ ಹಾಗೆಯೇ ಉಳಿಯುತ್ತದೆ. ಸೋಡಿಯಂ ಮಣ್ಣಿನ ಹೆಂಟೆಯನ್ನು ಒಡೆದು ಗಾಳಿಯ ದಾರಿಯನ್ನು ಮುಚ್ಚುತ್ತದೆ, ಆದುದರಿಂದ ಆ ನೀರು ಗಿಡಕ್ಕೆ ಬೇಡ. ಕುಡಿಯುವ ನೀರು ಶುದ್ಧೀಕರಿಸುವ ಆರ್‌ಓ ಯಂತ್ರ ಹೊರಹಾಕುವ ತ್ಯಾಜ್ಯ ನೀರನ್ನು ವ್ಯರ್ಥ ಮಾಡಬಾರದೆಂಬ ಸದುದ್ದೇಶದಿಂದ ಅನೇಕರು ಕುಂಡಗಳಿಗೆ ಸುರಿಯುತ್ತಾರೆ; ಅದರಲ್ಲಿ ಲವಣಗಳು ಮೂಲ ನೀರಿಗಿಂತ ಹೆಚ್ಚು ಸಾಂದ್ರವಾಗಿರುತ್ತವೆ. ನೆಲ ಒರೆಸಲು, ಶೌಚಾಲಯಕ್ಕೆ ಅದನ್ನು ಬಳಸಿ.

ಗಿಡಗಳಿಗೆ ಅತ್ಯುತ್ತಮವಾದುದು ಮಳೆನೀರು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಬೆಂಗಳೂರಿನ ವಾರ್ಷಿಕ ಸರಾಸರಿ ಮಳೆ 900 ಮಿಲಿಮೀಟರಿಗಿಂತ ಹೆಚ್ಚು. ನೂರು ಚದರ ಅಡಿಯ ಶೀಟಿನ ಮೇಲೆ ವರ್ಷಕ್ಕೆ 8 ಸಾವಿರ ಲೀಟರಿಗೂ ಮಿಕ್ಕಿ ಬೀಳುತ್ತದೆ. ಅಷ್ಟನ್ನೂ ಹಿಡಿದಿಡಲು ಎಲ್ಲರಿಗೂ ಜಾಗವಿರುವುದಿಲ್ಲ. 500 ಲೀಟರಿನ ಒಂದು ಮುಚ್ಚಿದ ಡ್ರಮ್ಮನ್ನು ಕರಿಬೇವು, ನಿಂಬೆ, ಗುಲಾಬಿ, ದಾಸವಾಳಗಳಿಗೆ ಮೀಸಲಿಟ್ಟರೂ ಬೇಸಿಗೆಯ ಆರಂಭದವರೆಗೆ ಬೋರ್ ನೀರಿನೊಂದಿಗೆ ಅರ್ಧಕ್ಕರ್ಧ ಬೆರೆಸಿ ಹಾಕಬಹುದು. ಅರ್ಧಕ್ಕರ್ಧ ಬೆರೆಸಿದರೆ ಕ್ಷಾರತೆಯೂ ಹೆಚ್ಚು ಕಡಿಮೆ ಅರ್ಧವಾಗುತ್ತದೆ.

ಮಣ್ಣಿನ ರಸಸಾರ ಅಳೆದು ಸರಿಪಡಿಸುವ ಕ್ರಮ

ಕುಂಡದ ಮೇಲ್ಪದರವನ್ನು ಬಿಟ್ಟು ಮೂರು ನಾಲ್ಕು ಇಂಚು ಆಳದಿಂದ ಒಂದು ಹಿಡಿ ಮಣ್ಣು ತೆಗೆಯಿರಿ. ನೆರಳಿನಲ್ಲಿ ಒಣಗಿಸಿ, ಪುಡಿಮಾಡಿ, ಜರಡಿ ಹಿಡಿಯಿರಿ. 20 ಗ್ರಾಂ ಮಣ್ಣಿಗೆ 50 ಮಿಲಿಲೀಟರ್ ಶುದ್ಧ ನೀರು ಹಾಕಿ ಅರ್ಧ ಗಂಟೆಯ ಕಾಲ ಆಗಾಗ ಕಲಕುತ್ತಿರಿ. ವಾಹನದ ಬ್ಯಾಟರಿಗೆ ಹಾಕಲು ಮಾರುವ ಡಿಸ್ಟಿಲ್ಡ್ ವಾಟರ್ ಇದಕ್ಕೆ ಸಾಕು, ನಲ್ಲಿ ನೀರು ಬಳಸಿದರೆ ಫಲಿತಾಂಶ ಕೆಡುತ್ತದೆ. ಆಮೇಲೆ ರಸಸಾರದ ಮೀಟರನ್ನಾಗಲಿ ಬಣ್ಣದ ಪಟ್ಟಿಯನ್ನಾಗಲಿ ಅದ್ದಿ ನೋಡಿ. ಮಣ್ಣಿಗೆ ನೇರವಾಗಿ ಚುಚ್ಚುವ ಅಗ್ಗದ ಮೀಟರುಗಳನ್ನು ನಾನು ನಂಬುವುದಿಲ್ಲ. ಹೆಚ್ಚಿನ ತರಕಾರಿ ಮತ್ತು ಹೂವಿನ ಗಿಡಗಳಿಗೆ 6ರಿಂದ 7ರ ನಡುವೆ ಇದ್ದರೆ ಉತ್ತಮ, 7.5 ದಾಟಿದರೆ ಸರಿಪಡಿಸಬೇಕು.

ಸರಿಪಡಿಸಲು ಗಂಧಕದ ಪುಡಿ ನಂಬಿಕೆಗೆ ಅರ್ಹವಾದ ಸಾಧನ. ಮಣ್ಣಿನ ಬ್ಯಾಕ್ಟೀರಿಯಗಳು ಗಂಧಕವನ್ನು ಆಮ್ಲವಾಗಿಸುತ್ತವೆ. ಒಂದು ಗ್ರಾಂ ಗಂಧಕ ಸುಮಾರು ಮೂರು ಗ್ರಾಂ ಸುಣ್ಣದಕಲ್ಲಿನ ಪರಿಣಾಮವನ್ನು ಅಳಿಸಬಲ್ಲದು. 12 ಇಂಚಿನ ಕುಂಡಕ್ಕೆ 5 ಗ್ರಾಂ ಪುಡಿಯನ್ನು ಮೇಲ್ಮಣ್ಣಿನಲ್ಲಿ ಬೆರೆಸಿ, ತೇವವಾಗಿಟ್ಟು, ಎರಡು ಮೂರು ತಿಂಗಳ ಬಳಿಕ ಮತ್ತೆ ರಸಸಾರ ಅಳೆದ ನಂತರವೇ ಮುಂದಿನ ಕಂತನ್ನು ಹಾಕಬೇಕು. ಇದು ಸೂಕ್ಷ್ಮಜೀವಿಗಳ ಕೆಲಸವಾದುದರಿಂದ ವಾರಗಳು ಹಿಡಿಯುತ್ತವೆ, ಆತುರಪಟ್ಟು ಪ್ರಮಾಣ ಹೆಚ್ಚಿಸಿದರೆ ಬೇರು ಸುಡುತ್ತದೆ. ಸಾರಜನಕ ಕೊಡಲೇಬೇಕಾದ ಗಿಡಕ್ಕೆ ಯೂರಿಯಾದ ಬದಲು ಅಮೋನಿಯಂ ಸಲ್ಫೇಟ್ ಆರಿಸಿಕೊಂಡರೆ ಅದೂ ಬೇರಿನ ಸುತ್ತಲ ಮಣ್ಣನ್ನು ಆಮ್ಲೀಯವಾಗಿಸುತ್ತದೆ, ಜೊತೆಗೆ ಗಂಧಕವೂ ಸಿಗುತ್ತದೆ.

ರಸಸಾರ ಇಳಿಯುವವರೆಗೆ ಹಳದಿಯಾದ ಗಿಡಕ್ಕೆ ಕಬ್ಬಿಣ ಕೊಡುವುದಾದರೆ ಅದರ ರೂಪವನ್ನು ಎಚ್ಚರದಿಂದ ಆರಿಸಬೇಕು. ಸುಣ್ಣವೇರಿದ ಮಣ್ಣಿಗೆ ಸುರಿದ ಫೆರಸ್ ಸಲ್ಫೇಟ್ ಬಹುಬೇಗ ತುಕ್ಕಿನಂತಾಗಿ ನಿಷ್ಪ್ರಯೋಜಕವಾಗುತ್ತದೆ. ಚಿಲೇಟ್ ಎಂದರೆ ಕಬ್ಬಿಣವನ್ನು ಕರಗಿದ ರೂಪದಲ್ಲಿಯೇ ಹಿಡಿದಿಡುವ ಸಂಯುಕ್ತ. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಇಡಿಟಿಎ ಚಿಲೇಟ್ ರಸಸಾರ 6.5ರ ಆಸುಪಾಸಿನವರೆಗೆ ಮಾತ್ರ ಕಬ್ಬಿಣವನ್ನು ಹಿಡಿದಿಡುತ್ತದೆ. ಇಡಿಡಿಎಚ್‌ಎ ಎಂಬ ಚಿಲೇಟ್ ದುಬಾರಿಯಾದರೂ 8 ದಾಟಿದ ಮಣ್ಣಿನಲ್ಲಿಯೂ ಕೆಲಸ ಮಾಡುತ್ತದೆ. ಕುಂಡಕ್ಕೆ ಒಂದೆರಡು ಗ್ರಾಂ ಅನ್ನು ಒಂದು ಲೀಟರ್ ನೀರಿನಲ್ಲಿ ಕರಗಿಸಿ ಸಂಜೆ ಬುಡಕ್ಕೆ ಹಾಕಿದರೆ ಮುಂದಿನ ಚಿಗುರು ಹಸಿರಾಗಿ ಬರುವುದನ್ನು ಕಾಣಬಹುದು. ಒಮ್ಮೆ ಬಿಳಿಚಿಕೊಂಡ ಹಳೆಯ ಎಲೆ ಪೂರ್ತಿ ಹಸಿರಾಗುವುದನ್ನು ಕಾಯಬೇಡಿ.

ಈ ಸ್ಥಿತಿಯಲ್ಲಿರುವ ಕುಂಡಕ್ಕೆ ಮೊಟ್ಟೆಚಿಪ್ಪು ಹಾಕಬಾರದು. ಚಿಪ್ಪಿನ ಪದಾರ್ಥವೂ ಗೀಸರಿನ ಬಿಳಿ ಪದರದ ಪದಾರ್ಥವೂ ಒಂದೇ. ಬೂದಿಯೂ ರಸಸಾರವನ್ನು ಏರಿಸುತ್ತದೆ. ಮೂಳೆಪುಡಿಯ ರಂಜಕ ಆಮ್ಲೀಯ ಮಣ್ಣಿನಲ್ಲಿ ಕರಗುತ್ತದೆ, ಇಲ್ಲಿ ಹಾಕಿದ್ದು ಹಾಕಿದಲ್ಲಿಯೇ ಉಳಿಯುತ್ತದೆ. ಇದಕ್ಕೆ ವಿರುದ್ಧವಾಗಿ, ಮಳೆನೀರು ಅಥವಾ ಕಾವೇರಿ ನೀರಿನಲ್ಲಿಯೇ ಬೆಳೆದು, ಮಣ್ಣಿನ ರಸಸಾರ 6ಕ್ಕಿಂತ ಕೆಳಗಿದ್ದರೆ ಈ ಮೂರೂ ಉಪಯುಕ್ತ. ಅಳೆಯದೆ ಹಾಕುವುದಷ್ಟೇ ತಪ್ಪು.

ಕುಂಡ ತುಂಬುವ ಮಿಶ್ರಣ

ನಮ್ಮ ಕೆಂಪು ಮಣ್ಣಿನ ಜೇಡಿಗೆ ಪೋಷಕಾಂಶ ಹಿಡಿದಿಡುವ ಶಕ್ತಿ ಕಡಿಮೆ, ಸಾವಯವ ಅಂಶವೂ ಕಡಿಮೆ. ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರವನ್ನು ಮೂರನೇ ಒಂದು ಭಾಗದಷ್ಟು ಬೆರೆಸುವುದರ ದೊಡ್ಡ ಲಾಭ ಈ ಹಿಡಿತ ಹೆಚ್ಚುವುದು. ಅದರಲ್ಲಿರುವ ಸಾರಜನಕವಂತೂ ಶೇಕಡಾ ಅರ್ಧ, ಒಂದರ ಸುತ್ತಮುತ್ತ. ಗೊಬ್ಬರ ಚೆನ್ನಾಗಿ ಕಳಿತಿರಲೇಬೇಕು. ಅರೆಕಳಿತ ಗೊಬ್ಬರವನ್ನಾಗಲಿ ಮರದ ಹೊಟ್ಟನ್ನಾಗಲಿ ಹಾಕಿದರೆ ಅದನ್ನು ಕೊಳೆಸುವ ಜೀವಿಗಳು ತಮ್ಮ ಬೆಳವಣಿಗೆಗೆ ಮಣ್ಣಿನ ಸಾರಜನಕವನ್ನೇ ಬಳಸಿಕೊಂಡು ಗಿಡವನ್ನು ಹಸಿದಿಡುತ್ತವೆ.

ತಾರಸಿಯ ಭಾರ ತಗ್ಗಿಸಲು ಎಲ್ಲರೂ ಕೋಕೋಪೀಟ್ ಬಳಸುತ್ತಾರೆ. ತೆಂಗಿನ ನಾರಿನ ಈ ಪುಡಿಯಲ್ಲಿ ಪೊಟ್ಯಾಸಿಯಂ ಮತ್ತು ಸೋಡಿಯಂ ಬಹಳವಿದ್ದು, ಅದು ತಾನು ಹಿಡಿದಿರುವ ಪೊಟ್ಯಾಸಿಯಂ ಬಿಟ್ಟುಕೊಟ್ಟು ನಾವು ಹಾಕುವ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಹಿಡಿದುಕೊಳ್ಳುತ್ತದೆ. ಕೋಕೋಪೀಟಿನ ಇಟ್ಟಿಗೆಯನ್ನು ನೆನೆಸಿ ಎರಡು ಮೂರು ಸಲ ನೀರು ಬಸಿದು, ಲೀಟರಿಗೆ 5 ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್ ಕರಗಿಸಿದ ನೀರಿನಲ್ಲಿ ಒಂದು ರಾತ್ರಿ ಇಟ್ಟು, ಮತ್ತೊಮ್ಮೆ ತೊಳೆದು ಬಳಸಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಹುದುಗಿಸಿದ ಕೋಕೋಪೀಟನ್ನು ಅಭಿವೃದ್ಧಿಪಡಿಸಿದ್ದಾರೆ. ಸಸಿ ಎಬ್ಬಿಸಲು ಅದು ಅನುಕೂಲಕರ.

ಗಿಡ ನೆಡುವಾಗಲೇ ಬೇರಿಗೆ ತಗಲುವಂತೆ ಮೈಕೋರೈಜಾ ಶಿಲೀಂಧ್ರವನ್ನು ಹಾಕುವುದು ನನ್ನ ಪ್ರಕಾರ ಒಳ್ಳೆಯ ವೆಚ್ಚ. ಬೇರಿನೊಂದಿಗೆ ಒಡಂಬಟ್ಟು ಬದುಕುವ ಈ ಶಿಲೀಂಧ್ರದ ಎಳೆಗಳು ಬೇರುರೋಮ ತಲಪಲಾಗದ ದೂರದಿಂದ ರಂಜಕ ಮತ್ತು ಸತುವನ್ನು ತಂದುಕೊಡುತ್ತವೆ. ನಮ್ಮ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದಲ್ಲಿ ಡಿ. ಜೆ. ಭಾಗ್ಯರಾಜ್ ಅವರು ದಶಕಗಳ ಕಾಲ ಈ ಶಿಲೀಂಧ್ರಗಳ ಮೇಲೆಯೇ ಸಂಶೋಧನೆ ನಡೆಸಿದರು. ಆದರೆ ಮಣ್ಣಿಗೆ ರಂಜಕ ಹೇರಳವಾಗಿರುವ ಡಿಎಪಿ ಗೊಬ್ಬರವನ್ನು ಧಾರಾಳವಾಗಿ ಹಾಕಿದರೆ ಗಿಡ ಈ ಗೆಳೆತನವನ್ನು ಕಡಿದುಕೊಳ್ಳುತ್ತದೆ. ಸಾಸಿವೆ, ಎಲೆಕೋಸು, ಮೂಲಂಗಿಗಳ ಕುಟುಂಬದ ಬೇರುಗಳಲ್ಲಿ ಇದು ನೆಲೆಸುವುದೇ ಇಲ್ಲವಾದ್ದರಿಂದ ಅವುಗಳಿಗೆ ಹಾಕಬೇಕಾಗಿಲ್ಲ.

ಎಲೆ ಹೇಳುವ ಸೂಚನೆ

ಕೊರತೆಯ ಗುರುತು ಮೊದಲು ಎಲ್ಲಿ ಕಾಣಿಸಿತು ಎಂಬುದನ್ನು ಗಮನಿಸಿ. ಸಾರಜನಕ, ರಂಜಕ, ಪೊಟ್ಯಾಸಿಯಂ, ಮೆಗ್ನೀಸಿಯಂಗಳನ್ನು ಗಿಡ ಹಳೆಯ ಎಲೆಯಿಂದ ಹಿಂಪಡೆದು ಹೊಸ ಚಿಗುರಿಗೆ ಕಳುಹಿಸಬಲ್ಲದು, ಆದ್ದರಿಂದ ಇವುಗಳ ಕೊರತೆ ಕೆಳಗಿನ ಎಲೆಗಳಲ್ಲಿ ಮೊದಲು ತೋರುತ್ತದೆ: ಇಡೀ ಎಲೆ ಹಳದಿಯಾದರೆ ಸಾರಜನಕ, ಅಂಚು ಸುಟ್ಟಂತಾದರೆ ಪೊಟ್ಯಾಸಿಯಂ, ನರಗಳ ನಡುವೆ ಹಳದಿಯಾದರೆ ಮೆಗ್ನೀಸಿಯಂ. ಕಬ್ಬಿಣ, ಕ್ಯಾಲ್ಸಿಯಂ, ಬೋರಾನ್‌ಗಳು ಹೆಚ್ಚಿನ ಗಿಡಗಳಲ್ಲಿ ಒಮ್ಮೆ ಸೇರಿದ ಎಲೆಯಿಂದ ಕದಲುವುದಿಲ್ಲ, ಅವುಗಳ ಕೊರತೆ ತುದಿಯಲ್ಲಿ ಕಾಣುತ್ತದೆ. ನಿಂಬೆಯ ಹೊಸ ಎಲೆಗಳು ಸಣ್ಣದಾಗಿ, ಮೊನಚಾಗಿ, ಒತ್ತೊತ್ತಾಗಿ ಬಂದರೆ ಸತುವಿನ ಕೊರತೆಯಿರಬಹುದು. ನೀರು ಹೆಚ್ಚಾಗಿ ಬೇರು ಕೊಳೆತರೂ ಎಲೆ ಹಳದಿಯಾಗುವುದರಿಂದ, ಸಂದೇಹವಿದ್ದಾಗ ಗಿಡವನ್ನು ಮೆಲ್ಲನೆ ಕುಂಡದಿಂದ ಎತ್ತಿ ಬೇರಿನ ಬಣ್ಣ ನೋಡುವುದು ಒಳ್ಳೆಯದು. ಕಂದಾಗಿ ಮೆತ್ತಗಾದ ಬೇರಿಗೆ ಯಾವ ಗೊಬ್ಬರವೂ ದಕ್ಕದು.

ಕೊಡುವ ಪ್ರಮಾಣ ಮತ್ತು ಹೊತ್ತು

1999ರಲ್ಲಿ ಪ್ರಕಟವಾದ ರಾನ್ ಮತ್ತು ಜಾನ್ಸನ್ ಅವರ ಲೆಕ್ಕಾಚಾರದಂತೆ, ಜಗತ್ತಿನ ಏಕದಳ ಧಾನ್ಯದ ಬೆಳೆಗಳಿಗೆ ಹಾಕಿದ ಸಾರಜನಕದಲ್ಲಿ ಕಾಳಿಗೆ ಸೇರಿದ್ದು ಶೇಕಡಾ 33 ಮಾತ್ರ. ಉಳಿದದ್ದರಲ್ಲಿ ಬಹುಪಾಲು ಗಾಳಿಗೋ ಅಂತರ್ಜಲಕ್ಕೋ ಸೇರುತ್ತದೆ. ಹೊಲಕ್ಕೆ ಹೇಳಿದ ಈ ಮಾತು ದಿನವೂ ನೀರು ಬಸಿಯುವ ಕುಂಡಕ್ಕೂ ಅನ್ವಯಿಸುತ್ತದೆ. ಆದ್ದರಿಂದ ತಿಂಗಳಿಗೊಮ್ಮೆ ಹಿಡಿಗಟ್ಟಲೆ ಹಾಕುವ ಅಭ್ಯಾಸ ಬಿಟ್ಟು, ವಾರಕ್ಕೊಮ್ಮೆ ಸ್ವಲ್ಪ ಕೊಡಿ. 19:19:19 ಎಂಬ ನೀರಿನಲ್ಲಿ ಕರಗುವ ಗೊಬ್ಬರವನ್ನು ಲೀಟರಿಗೆ 2 ಗ್ರಾಂನಂತೆ ಕರಗಿಸಿ, ತೇವವಿರುವ ಮಣ್ಣಿಗೆ, 12 ಇಂಚಿನ ಕುಂಡಕ್ಕೆ ಒಂದು ಲೀಟರ್ ಹಾಕಿದರೆ ತರಕಾರಿಗೆ ಸಾಕು. ಚೀಲದ ಮೇಲಿನ ಮೂರು ಅಂಕಿಗಳು ಕ್ರಮವಾಗಿ ಸಾರಜನಕ, ರಂಜಕ, ಪೊಟ್ಯಾಸಿಯಂಗಳ ಶೇಕಡಾವಾರು; ಎರಡನೆಯ ಮತ್ತು ಮೂರನೆಯವು ಆಕ್ಸೈಡ್ ರೂಪದ ಲೆಕ್ಕ. ನಿಜವಾದ ರಂಜಕ ಅದರ ಶೇಕಡಾ 44, ಪೊಟ್ಯಾಸಿಯಂ ಶೇಕಡಾ 83. ಯೂರಿಯಾ ಬಳಸುವವರು ಅದನ್ನು ಮಣ್ಣಿನ ಮೇಲೆ ಉದುರಿಸಿ ಬಿಡಬಾರದು; ಅಮೋನಿಯಾ ಆಗಿ ಹಾರಿಹೋಗುತ್ತದೆ, ಕ್ಷಾರ ಮಣ್ಣಿನಲ್ಲಂತೂ ಇನ್ನೂ ಬೇಗ. ಸಾವಯವವಾಗಿಯೇ ಬೆಳೆಸುವವರಿಗೆ ಹೊಂಗೆ ಹಿಂಡಿ ಮತ್ತು ಬೇವಿನ ಹಿಂಡಿ ಒಳ್ಳೆಯವು. ಅಮೋನಿಯಂ ರೂಪದ ಸಾರಜನಕ ನೈಟ್ರೇಟ್ ರೂಪಕ್ಕೆ ಬದಲಾಗುವುದನ್ನು ಬೇವಿನ ಹಿಂಡಿ ನಿಧಾನಗೊಳಿಸುವುದರಿಂದ ಸಾರಜನಕ ಬಸಿದು ಹೋಗುವುದು ತಗ್ಗುತ್ತದೆ. ಅವರೆ, ಅಲಸಂದೆಗಳಿಗೆ ಬೇರುಗಂಟಿನ ಬ್ಯಾಕ್ಟೀರಿಯಗಳೇ ಸಾರಜನಕ ಒದಗಿಸುತ್ತವೆ. ಹೊರಗಿನಿಂದ ಹೆಚ್ಚು ಕೊಟ್ಟರೆ ಗಂಟು ಕಟ್ಟುವುದೇ ಕಡಿಮೆಯಾಗುತ್ತದೆ.

ಕ್ಯಾಲ್ಸಿಯಂ ವಿಷಯ ಬೇರೆ. ಟೊಮೆಟೊ ಕಾಯಿಯ ತಳ ಕಪ್ಪಾಗಿ ಕೊಳೆತಂತಾದಾಗ ಮಣ್ಣಿನಲ್ಲಿ ಕ್ಯಾಲ್ಸಿಯಂ ಇಲ್ಲವೆಂದು ತೀರ್ಮಾನಿಸಬೇಡಿ, ಬೋರ್ ನೀರು ಕುಡಿದ ಕುಂಡದಲ್ಲಿ ಅದು ಬೇಕಾದಷ್ಟಿರುತ್ತದೆ. ಕ್ಯಾಲ್ಸಿಯಂ ನೀರಿನ ಹರಿವಿನೊಂದಿಗೇ ಮೇಲೇರುತ್ತದೆ; ಆವಿ ಹೆಚ್ಚು ಬಿಡುವ ಎಲೆಗೆ ಅದರ ಬಹುಪಾಲು ಹೋಗಿ, ಆವಿ ಬಿಡದ ಕಾಯಿಗೆ ಸ್ವಲ್ಪವೇ ಸಿಗುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ಒಂದು ದಿನ ಮಣ್ಣು ಒಣಗಿಸಿ ಮರುದಿನ ತುಂಬಿ ಹರಿಸಿದರೆ ಕಾಯಿಗೆ ಆ ಸ್ವಲ್ಪವೂ ಸಿಗದಂತಾಗುತ್ತದೆ. ಪ್ರತಿದಿನ ಒಂದೇ ಹದದಲ್ಲಿ ನೀರು ಕೊಟ್ಟು, ಮಣ್ಣಿಗೆ ಒಣ ಎಲೆಯ ಹೊದಿಕೆ ಹಾಕಿ, ಆ ವೇಳೆ ಅಮೋನಿಯಂ ಗೊಬ್ಬರ ನಿಲ್ಲಿಸುವುದೇ ಇದಕ್ಕೆ ಪರಿಹಾರ. ಬಸವನಗುಡಿಯ ಪರಿಷೆಗೆ ಬರುವ ಕಡಲೆಕಾಯಿ ಇದೇ ತತ್ತ್ವದ ಮತ್ತೊಂದು ಮುಖವನ್ನು ತೋರಿಸುತ್ತದೆ. ಹೂವಿನ ಬುಡದಿಂದ ಮಣ್ಣಿಗಿಳಿದ ತೊಟ್ಟಿನ ತುದಿಯಲ್ಲಿ ಬೆಳೆಯುವ ಆ ಕಾಯಿ ಆವಿ ಬಿಡುವುದಿಲ್ಲವಾದ್ದರಿಂದ ಬೇರು ಹೀರಿದ ಕ್ಯಾಲ್ಸಿಯಂ ಅದನ್ನು ತಲಪುವುದೇ ಇಲ್ಲ. ಸುತ್ತಲ ಮಣ್ಣಿನಿಂದ ತಾನೇ ನೇರವಾಗಿ ಹೀರಬೇಕು. ರೈತರು ಹೂ ಬಿಡುವ ಹೊತ್ತಿಗೆ ಗಿಡದ ಬುಡದಲ್ಲಿಯೇ ಜಿಪ್ಸಂ (ಕ್ಯಾಲ್ಸಿಯಂ ಸಲ್ಫೇಟ್) ಹಾಕುವುದು, ಕಾಳು ತುಂಬಿದ ಕಾಯಿ ಪಡೆಯುವುದು ಇದರಿಂದಲೇ.

ಕಬ್ಬಿಣ, ಸತು, ಬೋರಾನ್‌ಗಳಂತಹ ಲಘು ಪೋಷಕಾಂಶಗಳಿಗೆ ಎಲೆಯ ಮೇಲಿನ ಸಿಂಪಡಣೆ ಸುಲಭದ ದಾರಿ, ಏಕೆಂದರೆ ಅತಿ ಅಲ್ಪ ಪ್ರಮಾಣದಲ್ಲಿ ಬೇಕಾಗುವ ಇವು ಮಣ್ಣಿನ ತಕರಾರಿಲ್ಲದೆ ಒಳಸೇರುತ್ತವೆ. ಹೆಸರಘಟ್ಟದ ಸಂಸ್ಥೆಯ ವೆಜಿಟೇಬಲ್ ಸ್ಪೆಷಲ್ ಮಿಶ್ರಣವನ್ನು ಪೊಟ್ಟಣದಲ್ಲಿ ಹೇಳಿದ ಪ್ರಮಾಣದಲ್ಲಿ ಕರಗಿಸಿ, ನಿಂಬೆರಸ ಮತ್ತು ಚೂರು ಶಾಂಪೂ ಸೇರಿಸಿ, ಬಿಸಿಲೇರುವ ಮೊದಲು ಅಥವಾ ಸಂಜೆ, ಎಲೆಯ ಎರಡೂ ಬದಿ ನೆನೆಯುವಂತೆ ಸಿಂಪಡಿಸಿ. ನಿಂಬೆರಸ ನೀರಿನ ಕ್ಷಾರವನ್ನು ತಗ್ಗಿಸುತ್ತದೆ, ಶಾಂಪೂ ಹನಿಯನ್ನು ಎಲೆಗೆ ಹರಡುತ್ತದೆ. ಸಾರಜನಕ, ಪೊಟ್ಯಾಸಿಯಂಗಳ ಪೂರ್ತಿ ಅಗತ್ಯವನ್ನು ಎಲೆಯ ಮೂಲಕ ಪೂರೈಸಲು ಆಗದು.

ಸೆಪ್ಟೆಂಬರ್, ಅಕ್ಟೋಬರಿನ ದೊಡ್ಡ ಮಳೆಗಳ ಹೊತ್ತಿಗೆ ಎರಡು ಕೆಲಸಗಳಿವೆ. ಬೇಸಿಗೆಯಿಡೀ ಬೋರ್ ನೀರು ಕುಡಿದ ಕುಂಡಗಳ ಹೊದಿಕೆಯನ್ನು ಸರಿಸಿ ಮಳೆಗೆ ತೆರೆದಿಡಿ, ಸೇರಿದ ಲವಣ ತೊಳೆದು ಹೋಗಲಿ. ನೀರಿನಲ್ಲಿ ಕರಗಿದ ಲವಣವನ್ನು ಅಳೆಯುವ ಮನೆಯ ಟಿಡಿಎಸ್ ಮೀಟರಿನಿಂದ ತಳದಲ್ಲಿ ಬಸಿದ ನೀರನ್ನು ಅಳೆಯುತ್ತಾ ಹೋದರೆ ಅಂಕಿ ಇಳಿಯುವುದು ಕಾಣುತ್ತದೆ. ಅದೇ ಮಳೆ ನೈಟ್ರೇಟ್, ಬೋರಾನ್, ಗಂಧಕಗಳನ್ನೂ ಕೊಂಡೊಯ್ಯುವುದರಿಂದ ಮಳೆ ಬಿಡುವು ಕೊಟ್ಟು ಮಣ್ಣು ಹದಕ್ಕೆ ಬಂದ ಮೂರು ನಾಲ್ಕು ದಿನಗಳಲ್ಲಿ ಸಾರಜನಕದ ಅರ್ಧ ಕಂತನ್ನೂ ಒಂದು ಹಿಡಿ ಎರೆಗೊಬ್ಬರವನ್ನೂ ಕೊಟ್ಟು, ನವೆಂಬರಿನಲ್ಲಿ ರಸಸಾರವನ್ನು ಮತ್ತೊಮ್ಮೆ ಅಳೆದು, ಕುಂಡದ ಹೆಸರಿನ ಮುಂದೆ ದಿನಾಂಕ ಹಾಕಿ ಬರೆದಿಡಿ.